ಸಂಚಕಾರದ ಹುಡುಗರು

ನಾನು ಬೇಸ್‌ಬಾಲ್ ಆಟದ ಹುಚ್ಚನೆಂಬುದು ನಮ್ಮ ಬಂಧುವರ್ಗದಲ್ಲಿ ಎಲ್ಲರಿಗೂ ತಿಳಿದ ವಿಷಯ. 1971ರಲ್ಲಿ ಓದಲೆಂದು ಪಿಟ್ಸ್‌ಬರ್ಗಿಗೆ ಬಂದವನು ಓದು ಮುಗಿಸಿದೆ, ನೌಕರಿ ಮುಗಿಸಿದೆ, ವಿಶ್ರಾಂತಿಗೂ ಬಂದೆ. ಇಷ್ಟು ವರ್ಷಗಳಲ್ಲಿ ಇಲ್ಲಿನ ಊಟ ನನಗೆ ಒಗ್ಗಲಿಲ್ಲ, ಹಿಮದ ಮೇಲೆ ಜಾರದೆ ನಡೆಯುವುದು ಬರಲಿಲ್ಲ. ಈ ಆಟ ಮಾತ್ರ ಅಂಟಿಕೊಂಡಿತು. ಅಂಟಿಕೊಂಡ ತಂಡವಾದರೂ ಎಂಥದು! ಪೈರೇಟ್ಸ್, ಎಂದರೆ ಕಡಲ್ಗಳ್ಳರು. ಹೆಸರೇನೋ ಕಳ್ಳರದು, ಆದರೆ 1993ರಿಂದ 2012ರವರೆಗೆ ಒಂದೇ ಸಮನೆ 20 ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಇಷ್ಟು ಧಾರಾಳವಾಗಿ ಕಂಡಕಂಡವರಿಗೆಲ್ಲ ಕೊಟ್ಟು ಬಂದ ಕಳ್ಳರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೋಲುವ ತಂಡದ ಅಭಿಮಾನಿಗೆ ಇರುವ ಆಸ್ತಿ ಒಂದೇ: ನಾಳೆ. ಈ ಆಟದ ಆಡಳಿತದವರು ಅದನ್ನು ಚೆನ್ನಾಗಿ ಬಲ್ಲರು. ಸೋತವರಿಗೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಯಲ್ಲಿ ಮುಂದಿನ ಸ್ಥಾನ ಸಿಗುವಂತೆ ಏರ್ಪಾಡು ಮಾಡಿದ್ದಾರೆ. 1965ರಲ್ಲಿ ಶುರುವಾದ ಈ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ಹೀಗಾಗಿ ನಾನು ಆಡುವವರ ಆಟವನ್ನು ನೋಡುವುದಕ್ಕಿಂತ ಹೆಚ್ಚಾಗಿ, ಇನ್ನೂ ಆಡದವರ ಭವಿಷ್ಯವನ್ನು ಓದುವವನಾದೆ. ಹೈಸ್ಕೂಲಿನ, ಕಾಲೇಜಿನ ಹುಡುಗರ ಗುಣಾವಗುಣಗಳನ್ನು ಬರೆದ ವರದಿಗಳು ಅಚ್ಚಾಗುತ್ತವೆ. ಚೆಂಡನ್ನು ಹೊಡೆಯುವುದು, ಹೊಡೆತದ ಬಲ, ಓಟ, ಎಸೆತ, ಕ್ಷೇತ್ರರಕ್ಷಣೆ ಎಂದು ಐದು ಗುಣಗಳು. ಒಂದೊಂದಕ್ಕೂ 20ರಿಂದ 80ರವರೆಗೆ ಅಂಕ. 50 ಬಂದರೆ ಸಾಧಾರಣ. ನಾನು ಕನ್ನಡಕ ಏರಿಸಿ ಇದನ್ನು ಓದುತ್ತ ಕುಳಿತಾಗ ನನ್ನ ಹೆಂಡತಿ ಹೇಳುವ ಮಾತು ಒಂದೇ: "ನಮ್ಮ ಮಗಳ ಮದುವೆಗೂ ನೀವು ಇಷ್ಟು ಸಾಲಾವಳಿ ನೋಡಲಿಲ್ಲ. ಯಾರ ಮನೆ ಮಕ್ಕಳ ಜಾತಕವೋ ಏನೋ!"

ಅವಳ ಮಾತಿನಲ್ಲಿ ಹಾಸ್ಯಕ್ಕಿಂತ ಸತ್ಯವೇ ಹೆಚ್ಚು. ಏಕೆಂದರೆ ಜಾತಕ ಕೂಡಿದ ಮೇಲೆ ಬರುವುದು ಕೊಡುವ ತೆಗೆದುಕೊಳ್ಳುವ ಮಾತು. ಆರಿಸಿದ ಹುಡುಗ ಒಪ್ಪಂದಕ್ಕೆ ರುಜು ಹಾಕಿದರೆ ತಂಡದವರು ಅವನಿಗೆ ಒಂದು ಇಡಿಗಂಟು ಕೊಡುತ್ತಾರೆ. ಇಲ್ಲಿ ಅದಕ್ಕೆ ಬೋನಸ್ ಎನ್ನುತ್ತಾರೆ. ಬೋನಸ್ ಎಂದರೆ ನಮಗೆ ದೀಪಾವಳಿಗೆ ಕಾರ್ಖಾನೆಯವರು ಕೊಡುವುದು ನೆನಪಾಗುತ್ತದೆ. ದುಡಿದ ಮೇಲೆ ಬರುವ ಹಣ ಅದು. ಇದು ದುಡಿಯುವ ಮುಂಚೆ ಬರುವುದು. ಇದಕ್ಕೆ ಸರಿಯಾದ ಮಾತು ನಮ್ಮ ಹಾಸನದ ಕಡೆಯ ಸಂತೆಯಲ್ಲಿ ಇತ್ತು. ಎತ್ತನ್ನೋ ಹೊಲವನ್ನೋ ಕೊಳ್ಳುವಾಗ ಮಾತು ತಪ್ಪದಿರಲೆಂದು ಮೊದಲೇ ಕೈಗೆ ಹಾಕುವ ಹಣಕ್ಕೆ ಸಂಚಕಾರ ಎನ್ನುತ್ತಿದ್ದರು. ವಿಚಿತ್ರವೆಂದರೆ ಅದೇ ಮಾತಿಗೆ ಗಂಡಾಂತರ ಎಂಬ ಅರ್ಥವೂ ಬಂದುಬಿಟ್ಟಿದೆ. ಪ್ರಾಣಕ್ಕೆ ಸಂಚಕಾರ ಎನ್ನುತ್ತೇವೆ, ಮಾನಕ್ಕೆ ಸಂಚಕಾರ ಎನ್ನುತ್ತೇವೆ. ಒಂದೇ ಮಾತಿಗೆ ಈ ಎರಡು ಅರ್ಥ ಹೇಗೆ ಕೂಡಿಕೊಂಡವೆಂಬುದು ಪಂಡಿತರ ಪ್ರಶ್ನೆ. ಬೇಸ್‌ಬಾಲ್ ಹುಡುಗರ ಚರಿತ್ರೆ ಓದಿದವನಿಗೆ ಅದರಲ್ಲಿ ಆಶ್ಚರ್ಯವೇನೂ ತೋರುವುದಿಲ್ಲ.

ನಮ್ಮ ತಂಡದ ಕಥೆಯನ್ನೇ ತೆಗೆದುಕೊಳ್ಳಿ. 1950ರಲ್ಲಿ ಪೈರೇಟ್ಸ್ ತಂಡದವರು ಕ್ಯಾಲಿಫೋರ್ನಿಯಾದ ಪಾಲ್ ಪೆಟಿಟ್ ಎಂಬ ಹುಡುಗನನ್ನು 1 ಲಕ್ಷ ಡಾಲರಿಗೆ ಗೊತ್ತುಮಾಡಿಕೊಂಡರು. ಇನ್ನೂ ಆಡದ ಹುಡುಗನೊಬ್ಬನಿಗೆ ಲಕ್ಷ ಡಾಲರು ಸುರಿದದ್ದು ಅದೇ ಮೊದಲು. ಅವನು ಎಡಗೈಯ ಪಿಚ್ಚರ್. ಪಿಚ್ಚರ್ ಎಂದರೆ ನಮ್ಮ ಬೌಲರಿನ ಹಾಗೆ, ಆದರೆ ಚೆಂಡನ್ನು ನೆಲಕ್ಕೆ ಪುಟಿಸದೆ, 60 ಅಡಿ 6 ಅಂಗುಲ ದೂರದಿಂದ ನೇರವಾಗಿ ಎಸೆಯುವವನು. ಹೈಸ್ಕೂಲಿನಲ್ಲಿ ಅವನ ಚೆಂಡನ್ನು ಮುಟ್ಟುವವರಿರಲಿಲ್ಲ. ಕೆಳಗಿನ ತಂಡದಲ್ಲಿ ಆಡುವಾಗ ಮೊಣಕೈ ಕೆಟ್ಟಿತು. ದೊಡ್ಡ ಲೀಗಿನಲ್ಲಿ ಅವನು ಆಡಿದ್ದು 12 ಪಂದ್ಯ, ಗೆದ್ದದ್ದು ಒಂದು.

ಸರಿ, ಅದು ಹಳೆಯ ಕಾಲ, ಆಗ ಪರೀಕ್ಷಿಸುವ ವಿಧಾನಗಳು ಇರಲಿಲ್ಲ ಎನ್ನೋಣವೆಂದರೆ 2002ಕ್ಕೆ ಬನ್ನಿ. ಆ ವರ್ಷ ದೇಶಕ್ಕೆಲ್ಲ ಮೊದಲ ಆಯ್ಕೆ ನಮ್ಮದು. ಬ್ರಯನ್ ಬುಲಿಂಗ್ಟನ್ ಎಂಬ ಕಾಲೇಜು ಪಿಚ್ಚರನ್ನು ಆರಿಸಿ 40 ಲಕ್ಷ ಡಾಲರು ಕೊಟ್ಟರು. ಅವನಿಗೂ ಭುಜದ ತೊಂದರೆ ಬಂತು. ಅಮೆರಿಕದ ದೊಡ್ಡ ಲೀಗಿನಲ್ಲಿ ಅವನು ಗೆದ್ದದ್ದು ಒಂದೇ ಪಂದ್ಯ. ಅದನ್ನೂ 2010ರಲ್ಲಿ ಕಾನ್ಸಾಸ್ ಸಿಟಿಯವರಿಗಾಗಿ ಗೆದ್ದ. ಆಮೇಲೆ ಜಪಾನಿಗೆ ಹೋಗಿ ಹಿರೋಶಿಮಾದಲ್ಲಿ ಚೆನ್ನಾಗಿಯೇ ಆಡಿದನೆನ್ನಿ. ಒಂದು ಲಕ್ಷಕ್ಕೂ ಒಂದೇ ಗೆಲುವು, ನಲವತ್ತು ಲಕ್ಷಕ್ಕೂ ಒಂದೇ ಗೆಲುವು. ಅರ್ಧ ಶತಮಾನದ ವಿಜ್ಞಾನದಿಂದ ನಮಗಾದ ಲಾಭ ಇಷ್ಟು!

ಇಂಥ ಸಂದರ್ಭದಲ್ಲಿ ಅಭಿಮಾನಿಯಾದವನು ಗೊಣಗುತ್ತಾನೆ. ನಾನೂ ಬಹಳ ವರ್ಷ ಗೊಣಗಿದೆ. ಮೀಸೆ ಮೂಡದ ಹುಡುಗನಿಗೆ ನಾನು ಜೀವಮಾನವಿಡೀ ಗಳಿಸದ ಹಣ ಏಕೆ? ಮೊದಲು ಆಡಿ ತೋರಿಸಲಿ, ಆಮೇಲೆ ಕೊಡಲಿ. ಇದು ಕೇಳುವುದಕ್ಕೆ ಬಹಳ ನ್ಯಾಯವಾದ ಮಾತು. ತಂಡಗಳ ಒಡೆಯರಿಗೂ ಇದು ಬಹಳ ಪ್ರಿಯವಾದ ಮಾತು ಎಂಬುದು ನನಗೆ ಹೊಳೆದದ್ದು ತಡವಾಗಿ.

ಈ ಹಣವನ್ನು ಕಟ್ಟಿಹಾಕಲು ಒಡೆಯರು ಮೊದಲಿನಿಂದಲೂ ನಾನಾ ಉಪಾಯ ಮಾಡಿದ್ದಾರೆ. ಸಿರಿವಂತ ತಂಡಗಳು ಒಳ್ಳೆಯ ಹುಡುಗರನ್ನೆಲ್ಲ ಕೊಂಡು ಕೆಳಗಿನ ತಂಡಗಳಲ್ಲಿ ಕೂಡಿಡಬಾರದೆಂದು 1953ರಿಂದ 1957ರವರೆಗೆ ಒಂದು ನಿಯಮವಿತ್ತು: 4,000 ಡಾಲರಿಗಿಂತ ಹೆಚ್ಚು ಹಣ ಪಡೆದ ಹುಡುಗನನ್ನು ಎರಡು ವರ್ಷ ದೊಡ್ಡ ತಂಡದಲ್ಲೇ ಇಟ್ಟುಕೊಳ್ಳಬೇಕು. ಫಲವೇನಾಯಿತು? ಕೆಳಗಿನ ತಂಡಗಳಲ್ಲಿ ಆಡುತ್ತ ಕಲಿಯಬೇಕಾದ ಮಕ್ಕಳು ದೊಡ್ಡವರ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತು ಕಾಲ ಕಳೆದರು. ಬ್ರೂಕ್ಲಿನ್ನಿನ ಹುಡುಗ ಸ್ಯಾಂಡಿ ಕೋಫ್ಯಾಕ್ಸ್ 1954ರ ಡಿಸೆಂಬರಿನಲ್ಲಿ 14,000 ಡಾಲರು ಪಡೆದು ಡಾಡ್ಜರ್ಸ್ ಸೇರಿದ. ಮೊದಲ ಆರು ವರ್ಷ ಅವನ ಗೆಲುವು 36, ಸೋಲು 40. ಹಣ ನೀರಿಗೆ ಹಾಕಿದಂತಾಯಿತೆಂದು ಹೇಳುವವರಿಗೆ ಬೇಕಾದಷ್ಟು ಅವಕಾಶವಿತ್ತು. ಅದರ ಮುಂದಿನ ಆರು ವರ್ಷ ಅವನು 129 ಗೆದ್ದು 47 ಸೋತ. ಆಮೇಲೆ 1966ರಲ್ಲಿ, 30ನೆಯ ವಯಸ್ಸಿನಲ್ಲಿ, ಮೊಣಕೈಯ ಸಂಧಿವಾತ ತಾಳಲಾರದೆ ಆಟ ಬಿಟ್ಟ. ಸೋತವನೆಂದು ತೀರ್ಪು ಬರೆಯಲು ಆರು ವರ್ಷ ಸಾಲದೆಂದಾಯಿತು.

ಆ ನಿಯಮದಿಂದ ನಮ್ಮೂರಿಗೆ ಒಂದು ಮಹದುಪಕಾರವೂ ಆಯಿತು. ಪೋರ್ಟೊ ರಿಕೋದ ರೊಬರ್ಟೊ ಕ್ಲೆಮೆಂಟೆ ಎಂಬ ಹುಡುಗನಿಗೆ 1954ರಲ್ಲಿ ಡಾಡ್ಜರ್ಸ್ ತಂಡದವರು 10,000 ಡಾಲರು ಕೊಟ್ಟು ಮಾಂಟ್ರಿಯಲ್ಲಿನ ಕೆಳಗಿನ ತಂಡಕ್ಕೆ ಕಳಿಸಿದರು. ನಿಯಮದ ಪ್ರಕಾರ ಹಾಗೆ ಕಳಿಸಿದವನನ್ನು ಬೇರೆಯವರು ಎತ್ತಿಕೊಳ್ಳಬಹುದಿತ್ತು. ಆ ವರ್ಷ ಕೊನೆಯ ಸ್ಥಾನದಲ್ಲಿದ್ದ ನಮ್ಮವರಿಗೆ ಮೊದಲ ಸರದಿ. 4,000 ಡಾಲರು ಕಟ್ಟಿ ಕ್ಲೆಮೆಂಟೆಯನ್ನು ಕರೆದುಕೊಂಡು ಬಂದರು. ಅವನು 18 ವರ್ಷ ಇಲ್ಲಿಯೇ ಆಡಿದ. ನಾನು ಬಂದ ವರ್ಷವೇ, 1971ರ ಅಕ್ಟೋಬರಿನಲ್ಲಿ, ತಂಡ ವಿಶ್ವ ಸರಣಿಯನ್ನು ಗೆದ್ದಿತು. ವಿದ್ಯಾರ್ಥಿಗಳ ವಸತಿಯಲ್ಲಿ ಹನ್ನೆರಡು ಜನ ಒಂದು ಟೆಲಿವಿಷನ್ನಿನ ಮುಂದೆ ಕುಳಿತು ನೋಡಿದೆವು. ಆಟ ಅರ್ಥವಾಗದಿದ್ದರೂ ಆ ಮನುಷ್ಯ ಚೆಂಡಿನ ಹಿಂದೆ ಓಡುವ ಠೀವಿ ಅರ್ಥವಾಯಿತು. ಮರುವರ್ಷ ಸೆಪ್ಟೆಂಬರ್ 30ರಂದು ಅವನು ತನ್ನ 3,000ನೆಯ ಹಿಟ್ ಹೊಡೆದಾಗ ಮೈದಾನ ನನ್ನ ಕೋಣೆಯಿಂದ ಒಂದು ಬಸ್ಸಿನ ದೂರದಲ್ಲಿತ್ತು. ಪರೀಕ್ಷೆಗೆ ಓದಬೇಕೆಂದು ನಾನು ಹೋಗಲಿಲ್ಲ. ಆ ಪರೀಕ್ಷೆಯಲ್ಲಿ ಏನು ಬಂದಿತ್ತೆಂಬುದು ಈಗ ನೆನಪಿಲ್ಲ. ಅದೇ ಡಿಸೆಂಬರ್ 31ರಂದು, ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಕ್ಲೆಮೆಂಟೆ ತೀರಿಕೊಂಡ. ಅವನ ಅಂಗಿಯ ಸಂಖ್ಯೆ 21 ಎಂಬ ಕಾರಣಕ್ಕೆ ನಮ್ಮ ಈಗಿನ ಮೈದಾನದ ಬಲಗಡೆಯ ಗೋಡೆಯನ್ನು 21 ಅಡಿ ಎತ್ತರಕ್ಕೆ ಕಟ್ಟಿದ್ದಾರೆ.

1964ರಲ್ಲಿ ರಿಕ್ ರೈಕಾರ್ಟ್ ಎಂಬ ಕಾಲೇಜು ಹುಡುಗನಿಗೆ ಲಾಸ್ ಏಂಜಲೀಸಿನವರು 2,05,000 ಡಾಲರು ಕೊಟ್ಟಾಗ ಒಡೆಯರೆಲ್ಲ ಗಾಬರಿಯಾದರು. ಮರುವರ್ಷವೇ ಡ್ರಾಫ್ಟ್ ಬಂತು. ಬಡ ತಂಡಗಳಿಗೂ ಒಳ್ಳೆಯ ಹುಡುಗರು ಸಿಗಲೆಂಬುದು ಹೇಳಿಕೆಯ ಉದ್ದೇಶ, ಅದು ಸುಳ್ಳಲ್ಲ. ಆದರೆ ಇನ್ನೊಂದು ಮುಖವೂ ಇದೆ. ಮೊದಲು ಹುಡುಗನ ಮನೆ ಬಾಗಿಲಿಗೆ ಹತ್ತು ತಂಡದವರು ಬರುತ್ತಿದ್ದರು. ಈಗ ಯಾರು ಆರಿಸಿದರೋ ಅವರೊಬ್ಬರೊಡನೆ ಮಾತ್ರ ಅವನು ಮಾತಾಡಬೇಕು. ಕೊಳ್ಳುವವನು ಒಬ್ಬನೇ ಆದ ಸಂತೆಯಲ್ಲಿ ಎತ್ತಿನ ಬೆಲೆ ಎಷ್ಟಾಗುತ್ತದೆಂದು ನಮ್ಮ ರೈತರನ್ನು ಕೇಳಿದರೆ ಹೇಳಿಯಾರು. 2012ರಿಂದ ಪ್ರತಿ ತಂಡಕ್ಕೂ ಇಷ್ಟೇ ಹಣವೆಂದು ಗಂಟು ಕಟ್ಟಿಟ್ಟಿದ್ದಾರೆ. ಮಿತಿ ಬಹಳ ಮೀರಿದರೆ ಮುಂದಿನ ವರ್ಷಗಳ ಮೊದಲ ಆಯ್ಕೆಯನ್ನೇ ಕಳೆದುಕೊಳ್ಳಬೇಕು. ಹುಡುಗನ ಕೈಯಲ್ಲಿರುವ ಅಸ್ತ್ರ ಒಂದೇ: "ನಾನು ಕಾಲೇಜಿಗೆ ಹೋಗುತ್ತೇನೆ" ಎನ್ನುವುದು.

ಆ ಅಸ್ತ್ರವನ್ನು ಸೊಗಸಾಗಿ ಪ್ರಯೋಗಿಸಿದವಳು ಉತ್ತರ ಕೆರೊಲಿನಾದ ಒಬ್ಬ ತಾಯಿ. 1991ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದವರು ದೇಶಕ್ಕೇ ಮೊದಲನೆಯವನಾಗಿ ಬ್ರಯನ್ ಟೇಲರ್ ಎಂಬ ಕರಿಯರ ಹುಡುಗನನ್ನು ಆರಿಸಿದರು. ತಂದೆ ಕಲ್ಲು ಕೆಲಸದವನು. ತಾಯಿ ಏಡಿಯ ಮಾಂಸ ಬಿಡಿಸುವ ಕಾರ್ಖಾನೆಯಲ್ಲಿ ಕೂಲಿ. ತಂಡದವರು ಮೊದಲು ಹೇಳಿದ ಮೊತ್ತ ಕೇಳಿ ಆಕೆ, ಹಿಂದಿನ ವರ್ಷ ಬಿಳಿಯರ ಹುಡುಗನಿಗೆ ಸಿಕ್ಕ ಒಪ್ಪಂದವನ್ನು ತೋರಿಸಿ, ನನ್ನ ಮಗನೇನು ಕಡಿಮೆ ಎಂದು ಕೇಳಿದಳು. ಕಾಲೇಜು ಸೇರುವ ದಿನ ಹತ್ತಿರವಾಗುವವರೆಗೂ ಅಲುಗಾಡಲಿಲ್ಲ. ಕೊನೆಗೆ 15,50,000 ಡಾಲರು ಕೊಟ್ಟರು. ಎರಡು ವರ್ಷದ ಮೇಲೆ, 1993ರ ಡಿಸೆಂಬರಿನಲ್ಲಿ, ಸಹೋದರನ ಪರವಾಗಿ ಜಗಳಕ್ಕೆ ಹೋಗಿ ಹುಡುಗ ಭುಜಕ್ಕೆ ಪೆಟ್ಟು ಮಾಡಿಕೊಂಡ. ದೊಡ್ಡ ಲೀಗಿನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಮುಂದೆ ಊರಿನಲ್ಲಿ ತಂದೆಯ ಜೊತೆ ಇಟ್ಟಿಗೆ ಕಟ್ಟುವ ಕೆಲಸ ಮಾಡಿದ. ಆ ಮೊದಲ ಮೊತ್ತಕ್ಕೇ ತಾಯಿ ತಲೆಯಾಡಿಸಿದ್ದರೆ ಏನು ಗತಿ ಎಂದು ನಾನು ಆಗಾಗ ಯೋಚಿಸುತ್ತೇನೆ. ಅತಿ ಆಸೆಯವಳೆಂದು ಆಗ ಅವಳನ್ನು ಜರೆದವರಲ್ಲಿ ನಾನೂ ಒಬ್ಬ.

ಸಂಚಕಾರ ಸಿಕ್ಕದೆ ಗೆದ್ದವರೂ ಉಂಟು. ಮೈಕ್ ಪಿಯಾಟ್ಸಾ 1988ರಲ್ಲಿ 62ನೆಯ ಸುತ್ತಿನಲ್ಲಿ, 1,390ನೆಯವನಾಗಿ, ಮನೆಯ ಸ್ನೇಹಿತನೊಬ್ಬನ ದಾಕ್ಷಿಣ್ಯಕ್ಕೆ ಆಯ್ಕೆಯಾದವನು. 427 ಹೋಮ್ ರನ್ ಹೊಡೆದು 2016ರಲ್ಲಿ ಕೀರ್ತಿಶಾಲೆ ಸೇರಿದ. ವೆನೆಜುವೆಲಾದ ಹೊಸೆ ಆಲ್ಟುವೆಯನ್ನು ಗಿಡ್ಡನೆಂದು ಪರೀಕ್ಷೆಯಿಂದ ಹಿಂದಕ್ಕೆ ಕಳಿಸಿದರು. ಮರುದಿನ ಮತ್ತೆ ಹೋಗಿ ನಿಂತ. 2007ರಲ್ಲಿ 15,000 ಡಾಲರಿಗೆ ತೆಗೆದುಕೊಂಡರು. 2017ರಲ್ಲಿ ಅವನು ತನ್ನ ಲೀಗಿಗೇ ಶ್ರೇಷ್ಠ ಆಟಗಾರನಾದ. ಈ ಕಥೆಗಳನ್ನು ನಾವು ಬಹಳ ಇಷ್ಟಪಟ್ಟು ಹೇಳುತ್ತೇವೆ. ನೋಡಿದಿರಾ, ಹಣವಿಲ್ಲದೆಯೂ ಗೆಲ್ಲಬಹುದು ಎನ್ನುತ್ತೇವೆ. ಹಣವೂ ಇಲ್ಲದೆ ಗೆಲುವೂ ಇಲ್ಲದೆ ಮನೆಗೆ ಹೋದ ಸಾವಿರಾರು ಮಕ್ಕಳ ಕಥೆಯನ್ನು ಹೇಳುವವರಿಲ್ಲ, ಅದರಲ್ಲಿ ಸ್ವಾರಸ್ಯವಿಲ್ಲವಲ್ಲ! ಕೆಳಗಿನ ತಂಡಗಳಲ್ಲಿ ರಾತ್ರಿಯೆಲ್ಲ ಬಸ್ಸಿನಲ್ಲಿ ಪ್ರಯಾಣ ಮಾಡಿ ಆಡುವ ಹುಡುಗನ ಸಂಬಳ, ಆಟಗಾರರ ಸಂಘ ಹೋರಾಡಿ 2023ರಲ್ಲಿ ಹೆಚ್ಚಿಸುವವರೆಗೆ, 'ಎ' ತರಗತಿಯಲ್ಲಿ ವರ್ಷಕ್ಕೆ ಸುಮಾರು 11,000 ಡಾಲರು, ಆಮೇಲೆ 26,200. ಇಂಥವರಲ್ಲಿ ಬಹುಪಾಲು ಮಂದಿಗೆ ಆಟದಿಂದ ಸಿಗುವ ದೊಡ್ಡ ಹಣವೆಂದರೆ ಮೊದಲ ದಿನ ಸಿಕ್ಕ ಆ ಸಂಚಕಾರ ಒಂದೇ.

ನಮ್ಮ ದೇಶದ ಹುಡುಗರಿಬ್ಬರೂ ಈ ದಾರಿಯಲ್ಲಿ ನಡೆದರು. 2008ರಲ್ಲಿ ಭಾರತದಲ್ಲಿ ನಡೆಸಿದ ಎಸೆತದ ಸ್ಪರ್ಧೆಯಲ್ಲಿ ಉತ್ತರ ಪ್ರದೇಶದ ಭರ್ಜಿ ಎಸೆಯುವ ಹುಡುಗರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಇವರನ್ನು ಆರಿಸಿದರು. ಬೇಸ್‌ಬಾಲ್ ಚೆಂಡನ್ನೇ ಅದುವರೆಗೆ ಕಾಣದವರನ್ನು ಆ ನವೆಂಬರಿನಲ್ಲಿ ಒಪ್ಪಂದಕ್ಕೆ ಸೇರಿಸಿಕೊಂಡವರು ಮತ್ತೆ ಯಾರು, ನಮ್ಮ ಪೈರೇಟ್ಸೇ! ಆ ಬೇಸಗೆ ನನ್ನ ಹೆಂಡತಿ ಕೂಡ "ನಮ್ಮ ಹುಡುಗರು ಇವತ್ತು ಹೇಗೆ ಎಸೆದರು?" ಎಂದು ಕೇಳಿದ್ದುಂಟು. 2009ರಲ್ಲಿ ರಿಂಕು ಫ್ಲಾರಿಡಾದ ಕೆಳಗಿನ ಲೀಗಿನಲ್ಲಿ ಒಂದು ಪಂದ್ಯ ಗೆದ್ದಾಗ ನಮ್ಮ ಮನೆಯಲ್ಲಿ ಪಾಯಸವಾಯಿತು. 2010ರಲ್ಲಿ ದಿನೇಶನನ್ನು ಬಿಟ್ಟರು. ರಿಂಕು ಗಾಯಗಳೊಡನೆ ಬಹಳ ಹೋರಾಡಿ ಕೊನೆಗೆ ಕುಸ್ತಿಯ ಪ್ರದರ್ಶನಕ್ಕೆ ಸೇರಿದ. ನಮ್ಮ ಕ್ರಿಕೆಟ್ಟಿನಲ್ಲೂ 2008ರಿಂದ ಹರಾಜು ಬಂದಿದೆ. 2015ರಲ್ಲಿ ನಮ್ಮ ಕೆ.ಸಿ. ಕಾರ್ಯಪ್ಪ ಎಂಬ ಸ್ಪಿನ್ನರಿಗೆ, ಇನ್ನೂ ರಣಜಿ ಪಂದ್ಯ ಆಡದಿದ್ದವರಿಗೆ, 10 ಲಕ್ಷದಿಂದ ಕೂಗು ಶುರುವಾಗಿ 2.4 ಕೋಟಿಗೆ ನಿಂತಿತು. ಆ ವರ್ಷ ಅವರಿಗೆ ಆಡಲು ಸಿಕ್ಕಿದ್ದು ಒಂದೇ ಪಂದ್ಯ.

ಈ ವಿಷಯದಲ್ಲಿ ನನ್ನ ಗೊಣಗಾಟ ನಿಂತದ್ದು ಪುಸ್ತಕ ಓದಿ ಅಲ್ಲ. ಅದಕ್ಕೆ ಕಾರಣ ನನ್ನ ಅಣ್ಣ.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು. 1960ರಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ತಾಲ್ಲೂಕಿಗೇ ಮೊದಲಿಗನಾದ. ನಮ್ಮದು ಮಳೆ ಬಂದರೆ ಊಟ ಎನ್ನುವ ಮನೆ. ದೂರದ ಸಂಬಂಧದ ಮಾವನೊಬ್ಬರು ಮುಂದೆ ಬಂದು ಅಣ್ಣನ ಇಂಜಿನಿಯರಿಂಗ್ ಓದಿನ ಖರ್ಚು ವಹಿಸಿಕೊಂಡರು. ಓದು ಮುಗಿದ ಮೇಲೆ ಅವರ ಹಿರಿಯ ಮಗಳನ್ನು ಮದುವೆಯಾಗಬೇಕೆಂದು ಮಾತು. ಆಗ ಇದು ಹೊಸದೇನಲ್ಲ. ಬುದ್ಧಿವಂತ ಹುಡುಗನಿದ್ದ ಬಡವರ ಮನೆಗಳಲ್ಲಿ ನಡೆಯುತ್ತಿದ್ದುದೇ. ಅಣ್ಣ ಇಂಜಿನಿಯರಿಂಗಿನ ಮೊದಲ ವರ್ಷದಲ್ಲಿ ಫೇಲಾದ. ಮತ್ತೆ ಕಟ್ಟಿದ, ಮತ್ತೆ ಫೇಲಾದ. ಫೀಜು, ಹಾಸ್ಟೆಲ್ಲು ಎಲ್ಲ ಸೇರಿ ಆಗ 2,000 ರೂಪಾಯಿ ಖರ್ಚಾಗಿತ್ತು. ಮಾವ ಮಗಳನ್ನು ಬೇರೆ ಕಡೆ ಕೊಟ್ಟರು, ಹಣವನ್ನು ವಾಪಸು ಕೇಳಿದರು. ಅವರು ಕೆಟ್ಟವರಲ್ಲ, ಅವರಿಗೂ ಮೂವರು ಹೆಣ್ಣುಮಕ್ಕಳು. ನಮ್ಮ ತಂದೆ ತಲೆ ತಗ್ಗಿಸಿ ಒಪ್ಪಿಕೊಂಡರು. ಅಣ್ಣ 1963ರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿ ತಿಂಗಳಿಗೆ 25 ರೂಪಾಯಿಯಂತೆ 80 ತಿಂಗಳು ಮನಿಯಾರ್ಡರ್ ಕಳಿಸಿದ. ಮಿಕ್ಕ ಸಂಬಳದಲ್ಲಿ ಮನೆ ನಡೆಯಬೇಕು, ನನ್ನ ಪರೀಕ್ಷೆಯ ಫೀಜೂ ಹುಟ್ಟಬೇಕು. ನನಗೆ ಯಾರೂ ಸಂಚಕಾರ ಕೊಡಲಿಲ್ಲ. ನನ್ನ ಅಂಕಗಳೂ ಅಂಥವೇ. ಈ ಆಟದ ಲೆಕ್ಕದಲ್ಲಿ 62ನೆಯ ಸುತ್ತಿನವು. ವಿದ್ಯಾರ್ಥಿವೇತನದಲ್ಲಿ ಓದಿ ಹೇಗೋ ಪಾಸಾಗಿ ಇಲ್ಲಿಗೆ ಬಂದೆ. ಮನೆಯಲ್ಲಿ ಜಾಣನೆಂದು ಹೆಸರು ಉಳಿದದ್ದು ನನಗೆ. ಅಣ್ಣ ಈ ವಿಷಯವನ್ನು ಎಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅಣ್ಣ ನಿವೃತ್ತನಾದ ಮೇಲೆ, 2003ರ ಬೇಸಗೆಯಲ್ಲಿ, ಅತ್ತಿಗೆಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದ. ಒಂದು ಸಂಜೆ ಅವನನ್ನು ನದಿಯ ದಡದ ಹೊಸ ಮೈದಾನಕ್ಕೆ ಕರೆದೊಯ್ದೆ. ಒಂದು ಗಂಟೆಯಾದರೂ ಎರಡೂ ಕಡೆ ಸೊನ್ನೆ. "ಏನೋ ಇದು, ಇಷ್ಟು ಹೊತ್ತಾದರೂ ಒಂದು ಓಟ ಇಲ್ಲ!" ಎಂದು ಅವನು ಸೇತುವೆಗಳನ್ನು ನೋಡುತ್ತ ಕುಳಿತ. ಅಷ್ಟರಲ್ಲಿ ನಮ್ಮ ಕಡೆಯ ಎಳೆಯ ಪಿಚ್ಚರೊಬ್ಬ ದಾರಿ ತಪ್ಪಿದ. ಎಸೆದ ಚೆಂಡೆಲ್ಲ ಗುರಿಯ ಹೊರಗೆ. ಮೂವರು ಬ್ಯಾಟರುಗಳು ಹೊಡೆಯದೆಯೇ ನಡೆದುಕೊಂಡು ಹೋಗಿ ಬೇಸುಗಳನ್ನು ತುಂಬಿದರು. ಜನ ಛೀಮಾರಿ ಹಾಕಿದರು. ನಮ್ಮ ಹಿಂದೆ ಕುಳಿತವನು, ಅವನು ತಿಂದ ಬೋನಸ್ಸಿನ ಮೊತ್ತವನ್ನು ಎತ್ತಿ ಕೂಗಿದ. ಅಣ್ಣ ಏನೆಂದು ಕೇಳಿದ. ಹೇಳಿದೆ.

"ಅಷ್ಟೊಂದು ಹಣ ಮೊದಲೇ ಕೊಟ್ಟುಬಿಟ್ಟಿದ್ದಾರೋ?"

"ಹೂಂ."

"ಇವನು ಆಡದೇ ಹೋದರೆ ವಾಪಸು ಕೇಳುತ್ತಾರೇನೋ?"

"ಇಲ್ಲ ಅಣ್ಣ. ಕೊಟ್ಟದ್ದು ಕೊಟ್ಟ ಹಾಗೆಯೇ."

ಅವನು ಬಹಳ ಹೊತ್ತು ಆ ಹುಡುಗನನ್ನೇ ನೋಡಿದ. ಆಮೇಲೆ, ಆಟದ ಬಗ್ಗೆ ಹೇಳುವವನ ಹಾಗೆ, "ಆ ಲೆಕ್ಕಗಳೆಲ್ಲ ನನಗೆ ಗೊತ್ತಿದ್ದವು ಕಣೋ. ಪರೀಕ್ಷೆಯ ಹಾಲಿನಲ್ಲಿ ಕೂತ ಕೂಡಲೆ ಮಾವನ ಎರಡು ಸಾವಿರ ನೆನಪಾಗುತ್ತಿತ್ತು. ಕೈ ನಡುಗೋದು" ಎಂದ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ವಾಪಸು ಕೇಳುವುದಿಲ್ಲ ಅಂದರೆ, ಒಳ್ಳೆಯ ಆಟ" ಎಂದ.

ನಾಲ್ವತ್ತು ವರ್ಷ ನಾನು ಕೇಳದೆ ಉಳಿದ ಮಾತು ಅದು.

ಅಂದಿನಿಂದ ನನಗೆ ಈ ಹಣದ ಲೆಕ್ಕ ಬೇರೆಯಾಗಿ ಕಾಣುತ್ತದೆ. ತಂಡದವರು ವರ್ಷಕ್ಕೆ ಇಪ್ಪತ್ತು ಹುಡುಗರನ್ನು ಆರಿಸುತ್ತಾರೆ. ಹದಿನೆಂಟು ಮಂದಿ ಹೋದರೂ ಇಬ್ಬರು ನಿಂತರೆ ಅವರ ವ್ಯಾಪಾರ ಕುದುರುತ್ತದೆ. ಹುಡುಗನಿಗೆ ಇರುವುದು ಒಂದೇ ತೋಳು, ಒಂದೇ ಹದಿನೆಂಟನೆಯ ವಯಸ್ಸು. ಅದನ್ನು ಪಣಕ್ಕೆ ಇಡುವವನು ಅವನು, ಒಡೆಯನಲ್ಲ. ನಮ್ಮ ಸಂತೆಯ ನ್ಯಾಯವೂ ಹೀಗೆಯೇ ಇತ್ತು: ಕೊಳ್ಳುವವನು ಹಿಂಜರಿದರೆ ಸಂಚಕಾರ ಮಾರುವವನಿಗೇ ಉಳಿಯುತ್ತಿತ್ತು. ಎತ್ತಿನ ವಿಷಯದಲ್ಲಿ, ಹೊಲದ ವಿಷಯದಲ್ಲಿ ಇದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಮನೆಯ ಹುಡುಗನ ವಿಷಯದಲ್ಲಿ ಮಾತ್ರ ತಿರುಗಿ ಕೊಡತಕ್ಕದ್ದೆಂದು ನಾವೆಲ್ಲ ಹೇಗೆ ಒಪ್ಪಿಕೊಂಡೆವೋ ನಾನು ಕಾಣೆ. ಆ ಎಂಬತ್ತು ಮನಿಯಾರ್ಡರುಗಳಲ್ಲಿ ಕೆಲವನ್ನು ಅಂಚೆಕಚೇರಿಗೆ ಒಯ್ದು ಕಟ್ಟಿ ಬಂದವನು ನಾನೇ. ಆಗ ನನಗೆ ಅದು ನ್ಯಾಯವಾಗಿಯೇ ತೋರಿತ್ತು.

2023ರಲ್ಲಿ ಮತ್ತೆ ನಮಗೆ ಮೊದಲ ಆಯ್ಕೆ ಬಂತು. ಪಾಲ್ ಸ್ಕೀನ್ಸ್ ಎಂಬ ಪಿಚ್ಚರಿಗೆ 92 ಲಕ್ಷ ಡಾಲರು ಕೊಟ್ಟರು. ಅದುವರೆಗೆ ಅಷ್ಟು ಯಾರಿಗೂ ಕೊಟ್ಟಿರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಅವನು ಮೈದಾನಕ್ಕೆ ಇಳಿದ. ಆ ವರ್ಷದ ಶ್ರೇಷ್ಠ ಹೊಸ ಆಟಗಾರನಾದ. 2025ರಲ್ಲಿ ಲೀಗಿನ ಶ್ರೇಷ್ಠ ಪಿಚ್ಚರನೂ ಆದ. ನನಗೆ ಆನಂದವಾಗದೆ ಉಂಟೆ? ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನಿಗೆ ಈಗ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. "ಸಂತೋಷ" ಎಂದ. "ಹೋದವರು ಯಾರಾದರೂ ಇದ್ದಾರೇನೋ?" ಎಂದು ಕೇಳಿದ. ಪ್ರತಿ ಸಲವೂ ಅವನು ಕೇಳುವುದು ಅವರನ್ನೇ.

ನಾನು ಮೊದಲ ಲಕ್ಷದ ಹುಡುಗ ಪಾಲ್ ಪೆಟಿಟನ ಕಥೆ ಹೇಳಿದೆ. ಕೈ ಕೆಟ್ಟ ಮೇಲೆ ಕೆಳಗಿನ ತಂಡಗಳಲ್ಲಿ ಬ್ಯಾಟರಾಗಿ ಕೆಲವು ವರ್ಷ ಹೆಣಗಿದ್ದು, ಅದೂ ಆಗದೆ ಕ್ಯಾಲಿಫೋರ್ನಿಯಾಕ್ಕೆ ಮರಳಿ ಹೈಸ್ಕೂಲಿನಲ್ಲಿ ಉಪಾಧ್ಯಾಯನಾಗಿ ಬಹಳ ಕಾಲ ಮಕ್ಕಳಿಗೆ ಪಾಠ ಹೇಳಿದ್ದು, 2020ರಲ್ಲಿ ತುಂಬು ವಯಸ್ಸಿನಲ್ಲಿ ತೀರಿಕೊಂಡದ್ದು ಎಲ್ಲವನ್ನೂ ಹೇಳಿದೆ.

ಅಣ್ಣ ಎಲ್ಲ ಕೇಳಿಕೊಂಡ. "ಮೇಷ್ಟರಾದನೇ! ಹಾಗಾದರೆ ಅವನದೇನೂ ನಷ್ಟವಾಗಲಿಲ್ಲ ಬಿಡು" ಎಂದು ನಕ್ಕ. ಆಮೇಲೆ ಕೇಳಿದ: "ಅಲ್ಲಿ ಸಂಬಳ ತಿಂಗಳು ತಿಂಗಳಿಗೆ ಸರಿಯಾಗಿ ಬರುತ್ತಿತ್ತೇನೋ?"